ಬಾಗಿಲ ಕೋಡ್ ಯಾರಿಗೆ ಕೊಡಬೇಕು?

ರಸ್ಟ್ ಆಟದಲ್ಲಿ ನೀವು ಕಣ್ಣು ಬಿಡುವಾಗ ಕೈಯಲ್ಲಿರುವುದು ಒಂದು ಕಲ್ಲು, ಒಂದು ಪಂಜು ಮಾತ್ರ. ಬ್ರಿಟನ್ನಿನ ಫೇಸ್‌ಪಂಚ್ ಸ್ಟುಡಿಯೋಸ್ 2013ರ ಡಿಸೆಂಬರ್‌ನಲ್ಲಿ ಆರಂಭಿಕ ಆವೃತ್ತಿಯಾಗಿಯೂ 2018ರ ಫೆಬ್ರುವರಿಯಲ್ಲಿ ಪೂರ್ಣ ರೂಪದಲ್ಲಿಯೂ ಬಿಟ್ಟ ಈ ಆಟದಲ್ಲಿ ಒಂದು ನಿಯಮ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ. ನೀವು ಲಾಗ್‌ಔಟ್ ಆದರೂ ನಿಮ್ಮ ಪಾತ್ರ ಅಲ್ಲೇ ಮಲಗಿರುತ್ತದೆ. ಒಳನುಗ್ಗಿದವರು ಅದನ್ನು ಕೊಲ್ಲಬಹುದು, ದೋಚಬಹುದು. ಕಾವಲಿಗೆ ಜನ ಬೇಕು, ಆ ಜನಕ್ಕೆ ಬಾಗಿಲ ಕೋಡ್ ಕೊಡಲೇಬೇಕು. ಗೆಳೆತನ, ದ್ರೋಹ ಎರಡೂ ಶುರುವಾಗುವುದು ಆ ನಾಲ್ಕು ಅಂಕಿಗಳಿಂದ.

1. ಮೊದಲು ಮಾತಾಡಿ. ಹತ್ತಿರ ಇರುವವರಿಗೆ ನಿಮ್ಮ ದನಿ ಕೇಳಿಸುತ್ತದೆ. ಬಂಡೆಯ ಮರೆಯಲ್ಲಿ ನಿಂತು, ಆಯುಧ ಇಳಿಸಿ, ನೀವು ಏನು ಮಾಡುತ್ತಿದ್ದೀರಿ ಎಂದು ಹೇಳಿ. ‘ಫ್ರೆಂಡ್ಲಿ’ ಎಂಬ ಒಂದೇ ಪದವನ್ನು ಯಾರೂ ನಂಬುವುದಿಲ್ಲ. ‘ಕಟ್ಟಿಗೆ ಕಡಿಯುತ್ತಿದ್ದೇನೆ, ಬಟ್ಟೆ ಹೆಚ್ಚಿದೆ, ನಿನ್ನ ಹತ್ತಿರ ಮಾಂಸ ಇದೆಯಾ?’ ಎಂದು ಕೇಳಿದರೆ ಗುಂಡಿನ ಬದಲು ಉತ್ತರ ಬರುವ ಸಾಧ್ಯತೆ ಹೆಚ್ಚು.

2. ನಂಬಿಕೆಯನ್ನು ಕೋಣೆಕೋಣೆಯಾಗಿ ಕೊಡಿ. ಊರಮನೆಯಲ್ಲಿ ಅಪರಿಚಿತರಿಗೆ ಜಗಲಿ, ಪರಿಚಿತರಿಗೆ ನಡುಮನೆ, ಮನೆಯವರಿಗೆ ಮಾತ್ರ ದೇವರಕೋಣೆ ಇರುತ್ತದಲ್ಲ, ಬೇಸ್ ಕಟ್ಟುವಾಗಲೂ ಹಾಗೇ ಕಟ್ಟಿ. ಒಂದೊಂದು ಬಾಗಿಲಿಗೂ ಬೇರೆ ಕೋಡ್ ಇರಲಿ. ಕೋಡ್ ಲಾಕ್‌ನಲ್ಲಿ ಗೆಸ್ಟ್ ಕೋಡ್ ಎಂಬ ಸೌಲಭ್ಯವಿದೆ. ಅದನ್ನು ಪಡೆದವನು ಬಾಗಿಲು ತೆರೆಯಬಲ್ಲ, ಆದರೆ ಕೋಡ್ ಬದಲಿಸಲಾರ. ಹೊಸಬನಿಗೆ ಮೊದಲ ದಿನ ಹೊರಬಾಗಿಲಿನ ಗೆಸ್ಟ್ ಕೋಡ್ ಸಾಕು. ಕುಲುಮೆಯಲ್ಲಿ ಒಂದಿಷ್ಟು ಕಬ್ಬಿಣದ ಅದಿರು ಬಿಟ್ಟು ಹೊರಗೆ ಹೋಗಿ ಬನ್ನಿ. ಅವನು ಅದನ್ನು ಕರಗಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಮುಂದಿನ ಬಾಗಿಲಿನ ಮಾತಾಡಬಹುದು. ಇದನ್ನು ಅನುಮಾನ ಎಂದು ಕರೆಯಬೇಡಿ. ಹೊಸಬನಿಗೂ ತನ್ನ ಯೋಗ್ಯತೆ ತೋರಿಸಲು ಇದೇ ದಾರಿ.

3. ಟಿಸಿಯನ್ನು ಕೊನೆಗೆ ಕೊಡಿ. ಟಿಸಿ, ಅಂದರೆ ಟೂಲ್ ಕಬರ್ಡ್, ಯಾರ ಕೈಯಲ್ಲಿದೆಯೋ ಬೇಸ್ ಅವರದು. ಅದರ ಪಟ್ಟಿಯಲ್ಲಿ ಹೆಸರಿದ್ದವರು ಕಟ್ಟಬಹುದು, ಉಳಿದವರ ಹೆಸರನ್ನು ಅಳಿಸಲೂಬಹುದು. ಕೊಟ್ಟ ಅಧಿಕಾರವೇ ತಿರುಗಿ ಬಡಿದ ಉದಾಹರಣೆ ಬೇರೊಂದು ಆಟದಲ್ಲಿದೆ. ಈವ್ ಆನ್‌ಲೈನ್‌ನಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಎಂಬ ಬಲಾಢ್ಯ ಒಕ್ಕೂಟದ ಒಬ್ಬ ನಿರ್ದೇಶಕ 2009ರ ಫೆಬ್ರುವರಿಯಲ್ಲಿ ಎದುರಾಳಿ ಗೂನ್‌ಸ್ವಾರ್ಮ್ ಕಡೆ ವಾಲಿದ. ತನ್ನ ಹುದ್ದೆಗಿದ್ದ ಅಧಿಕಾರವನ್ನೇ ಬಳಸಿ ಒಕ್ಕೂಟವನ್ನು ವಿಸರ್ಜಿಸಿದ. ಹಡಗುಗಳ ಕಾಳಗದಲ್ಲಿ ಆಗದ್ದು ಕೆಲವೇ ಕ್ಲಿಕ್‌ಗಳಲ್ಲಿ ಆಯಿತು.

4. ಹೋದವನ ಹಿಂದೆಯೇ ಕೋಡ್ ಬದಲಿಸಿ. ಜಗಳವಿಲ್ಲದೆ ಹೋಗಿದ್ದರೂ ಸರಿ. ಕೋಡ್ ಬದಲಾದರೆ ಲಾಕ್ ಹಳಬರನ್ನೆಲ್ಲ ಮರೆಯುತ್ತದೆ. ಉಳಿದವರು ಹೊಸದಾಗಿ ಒತ್ತಿಕೊಳ್ಳುತ್ತಾರೆ. ಟಿಸಿಯ ಪಟ್ಟಿಯನ್ನೂ ಅಳಿಸಿ ಮತ್ತೆ ಬರೆಯಿರಿ.

5. ಪಾಲು ಹಂಚುವ ಲೆಕ್ಕ ಮೊದಲೇ ಹೇಳಿ. ಉಂಡ ಮನೆಗೆ ಎರಡು ಬಗೆದವನನ್ನು ಬೈಯುವುದು ಸುಲಭ. ಆದರೆ ಒಳಗಿನಿಂದ ಒಡೆದ ತಂಡಗಳ ಕತೆ ಕೇಳುತ್ತಾ ಹೋದರೆ ಬಹಳ ಕಡೆ ಸಿಗುವುದು ದುರಾಸೆಯಲ್ಲ, ಮನನೋವು. ಒಬ್ಬ ಹಗಲೆಲ್ಲ ಕಲ್ಲು, ಗಂಧಕ ಕಡಿದು ತರುತ್ತಾನೆ. ಆ ಗಂಧಕದಿಂದ ಮಾಡಿದ ರಾಕೆಟ್ ಹಿಡಿದು ರೇಡ್‌ಗೆ ಹೋಗುವವರು ಇನ್ಯಾರೋ. ಗೆದ್ದು ತಂದ ಬಂದೂಕು ಅವರ ಪೆಟ್ಟಿಗೆಗೆ ಬೀಳುತ್ತದೆ, ಇವನಿಗೆ ‘ಇನ್ನೂ ಗಂಧಕ ಬೇಕು’ ಎಂಬ ಮೆಸೇಜ್. ಒಂದು ರಾತ್ರಿ ಎಲ್ಲರೂ ಮಲಗಿದಾಗ ಅವನು ಪೆಟ್ಟಿಗೆ ಖಾಲಿ ಮಾಡಿ ಹೊರಟರೆ ಆ ದ್ರೋಹದಲ್ಲಿ ನಾಯಕನ ಪಾಲೂ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ರೇಡ್‌ಗೆ ಹೊರಡುವ ಮುಂಚೆಯೇ ಯಾರಿಗೆ ಏನು ಎಂದು ಮಾತಾಗಲಿ. ಅದಿರು ತಂದವನನ್ನೂ ಜೊತೆಗೆ ಕರೆದೊಯ್ಯಿರಿ, ಮೊದಲ ಬಂದೂಕನ್ನು ಅವನೇ ಆರಿಸಿಕೊಳ್ಳಲಿ.

6. ವೈಪ್ ಹತ್ತಿರವಾದಾಗ ಎಚ್ಚರ. ತಿಂಗಳ ಮೊದಲ ಗುರುವಾರ ಎಲ್ಲ ಸರ್ವರ್‌ಗಳಲ್ಲೂ ವೈಪ್, ಕಟ್ಟಿದ್ದೆಲ್ಲ ಅಳಿಸಿಹೋಗುತ್ತದೆ. ನಾಳೆ ಮುಖ ನೋಡಬೇಕಿಲ್ಲ ಎಂದಾದಾಗ ಮೋಸಕ್ಕೆ ಬೆಲೆಯೇ ಇರುವುದಿಲ್ಲ. ರಾಜ್ಯಶಾಸ್ತ್ರಜ್ಞ ರಾಬರ್ಟ್ ಆ್ಯಕ್ಸೆಲ್‌ರಾಡ್ 1980ರ ಸುಮಾರಿಗೆ ಕಂಪ್ಯೂಟರ್ ಪ್ರೋಗ್ರಾಮ್‌ಗಳ ನಡುವೆ ಸಹಕಾರ–ದ್ರೋಹದ ಎರಡು ಪಂದ್ಯಾವಳಿ ನಡೆಸಿದ್ದರು. ಎರಡರಲ್ಲೂ ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ ಪುಟ್ಟ ತಂತ್ರ. ಅದು ಮೊದಲ ಸಲ ಸಹಕರಿಸುತ್ತದೆ. ಆಮೇಲೆ ಎದುರಾಳಿ ಹಿಂದಿನ ಸಲ ಮಾಡಿದ್ದನ್ನೇ ಮಾಡುತ್ತದೆ. ಎರಡನೆಯ ಪಂದ್ಯಾವಳಿಯಲ್ಲಿ ಆಟ ಎಷ್ಟು ಸುತ್ತಿಗೆ ಮುಗಿಯುತ್ತದೆಂಬುದು ಸ್ಪರ್ಧಿಗಳಿಗೆ ಗೊತ್ತಿರಲಿಲ್ಲ. ಕೊನೆಯ ಸುತ್ತು ಗೊತ್ತಾದರೆ ಕೊನೆಯಲ್ಲಿ ಕೈಕೊಡುವ ಆಸೆ ಹುಟ್ಟುತ್ತದೆ. ರಸ್ಟ್‌ನಲ್ಲಿ ಆ ದಿನ ಎಲ್ಲರಿಗೂ ಗೊತ್ತು. ಹಾಗಾಗಿ ಮುಂದಿನ ವೈಪ್‌ನ ಯೋಜನೆಯನ್ನು ಒಂದು ವಾರ ಮುಂಚೆಯೇ ಮಾಡಿ, ಉಳಿದ ರಾಕೆಟ್‌ಗಳನ್ನು ಎಲ್ಲರೂ ಸೇರಿಯೇ ಹಾರಿಸಿ ಮುಗಿಸಿ. ಕೂಡಿಟ್ಟಷ್ಟೂ ಕದಿಯುವ ಆಸೆ ಬೆಳೆಯುತ್ತದೆ.

7. ವ್ಯಾಪಾರಕ್ಕೆ ಯಂತ್ರ ಇರಲಿ. ನೆಲದ ಮೇಲೆ ಸಾಮಾನು ಎಸೆದು ಅದಲುಬದಲು ಮಾಡಿಕೊಳ್ಳುವಾಗ ಯಾರಾದರೂ ಒಬ್ಬರು ಮೊದಲು ಎಸೆಯಬೇಕು. ಮೋಸ ನಡೆಯುವುದು ಆ ಕ್ಷಣದಲ್ಲಿ. ವೆಂಡಿಂಗ್ ಮಷಿನ್ ಇಟ್ಟರೆ ಆ ತಾಪತ್ರಯವಿಲ್ಲ. ಎದುರುಬದುರು ಭೇಟಿಯಾಗಲೇಬೇಕಿದ್ದರೆ ಔಟ್‌ಪೋಸ್ಟ್‌ಗೆ ಬರಹೇಳಿ. ಅಲ್ಲಿ ಆಯುಧ ಹಿರಿದವನ ಮೇಲೆ ಕಾವಲುಗಾರರೇ ಗುಂಡು ಹಾರಿಸುತ್ತಾರೆ.

8. ಯಾರಿಗೂ ಹೇಳದ ಒಂದು ಜಾಗ ಇರಲಿ. ಬೇಸ್‌ನಿಂದ ದೂರ ಒಂದು ಸ್ಲೀಪಿಂಗ್ ಬ್ಯಾಗ್, ಅದರ ಪಕ್ಕ ಮಣ್ಣಿನಡಿ ಒಂದು ಸ್ಟ್ಯಾಶ್. ಅದರಲ್ಲಿ ಬಿಲ್ಲು, ಬಾಣ, ಸ್ವಲ್ಪ ಬಟ್ಟೆ. ಎಲ್ಲ ಕಳೆದುಕೊಂಡ ರಾತ್ರಿ ಅಲ್ಲಿಂದ ಮತ್ತೆ ಶುರು ಮಾಡಬಹುದು.

9. ಆಟದಾಚೆಯ ಕೀಲಿ ಕೊಡಬೇಡಿ. ಬೇಸ್ ದೋಚುವುದು ಆಟದ ನಿಯಮದೊಳಗಿನದು. ಸ್ಟೀಮ್ ಪಾಸ್‌ವರ್ಡ್, ಫೋನಿಗೆ ಬಂದ ಒಟಿಪಿ, ಮನೆ ವಿಳಾಸ ಕೇಳುವುದು ಆಟವೇ ಅಲ್ಲ. ಎಷ್ಟೇ ವೈಪ್ ಜೊತೆಗೆ ಆಡಿದವನಾಗಿರಲಿ, ಆ ಮಾತು ಎತ್ತಿದ ಕೂಡಲೇ ಡಿಸ್ಕಾರ್ಡ್‌ನಲ್ಲಿ ಬ್ಲಾಕ್ ಮಾಡಿ. ನೀವಿನ್ನೂ ಶಾಲೆಗೆ ಹೋಗುವವರಾದರೆ ಅವತ್ತೇ ಮನೆಯಲ್ಲಿ ಅಪ್ಪ ಅಮ್ಮನಿಗೆ ತಿಳಿಸಿ.