ಹೊಸ ಉಪಾಯವು ತೋಟದಲ್ಲಿಯೇ ದೊರೆಯುವ ಬಗೆ
ಬೋರ್ಡೊ ದ್ರಾವಣದ ವೃತ್ತಾಂತ ಮತ್ತು ಅದರಿಂದ ಕಲಿಯತಕ್ಕ ಪರೀಕ್ಷಾಕ್ರಮ

ಸಾಗುವಳಿಯಲ್ಲಿ ಹೊಸದಾಗಿ ಏನನ್ನಾದರೂ ಮಾಡಿ ನೋಡಬೇಕೆಂಬ ಇಚ್ಛೆಯುಳ್ಳ ಜಮೀನುದಾರರು ಅನೇಕರಿದ್ದಾರೆ. ಆದರೆ ಏನನ್ನು ಮಾಡಬೇಕು, ಅದಕ್ಕೆ ಬೇಕಾದ ಸಲಕರಣೆಗಳು ಯಾವುವು, ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಹೇಗೆ, ಎಂಬ ಪ್ರಶ್ನೆಗಳ ಮುಂದೆ ಬಹುಮಂದಿ ನಿಂತುಬಿಡುತ್ತಾರೆ. ಹೊಸ ಉಪಾಯವು ಬಹಳ ಓದಿದವರಿಗೆ ಮಾತ್ರ ಹೊಳೆಯತಕ್ಕದ್ದು, ಬೆಲೆಬಾಳುವ ಯಂತ್ರಗಳಿಲ್ಲದೆ ಪರೀಕ್ಷೆಯು ಸಾಗದು, ಎಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆಯು ಎಷ್ಟರ ಮಟ್ಟಿಗೆ ನಿಜವೆಂಬುದನ್ನು, ಅಡಿಕೆ ತೋಟದವರೆಲ್ಲರೂ ಬಲ್ಲ ಮೈಲುತುತ್ತ ಮತ್ತು ಸುಣ್ಣದ ಔಷಧಿಯ, ಅಂದರೆ ಬೋರ್ಡೊ ದ್ರಾವಣದ, ವೃತ್ತಾಂತದಿಂದ ತಿಳಿಯಬಹುದು.

ಈ ಔಷಧಿಯು ಹುಟ್ಟಿದ್ದು ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಲ್ಲಿ. ಅಮೆರಿಕದಿಂದ ಬಂದ ಒಂದು ಬೂಜುರೋಗವು 1878ರಲ್ಲಿ ಆ ದೇಶದಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಬಳ್ಳಿಗಳ ಎಲೆಗಳನ್ನೆಲ್ಲಾ ಉದುರಿಸಿ ತೋಟದವರನ್ನು ಕಂಗೆಡಿಸಿತು. 1882ರ ಅಕ್ಟೋಬರ್ ತಿಂಗಳಲ್ಲಿ ಬೋರ್ಡೊ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಮಿಲಾರ್ಡೆ ಎಂಬವರು ಮೆಡಾಕ್ ಸೀಮೆಯ ಒಂದು ತೋಟದ ಬಳಿ ಹಾದುಹೋಗುತ್ತಿರುವಾಗ, ಒಳಗಿನ ಬಳ್ಳಿಗಳೆಲ್ಲಾ ಬೋಳಾಗಿದ್ದರೂ ದಾರಿಯ ಅಂಚಿನ ಸಾಲುಗಳಲ್ಲಿ ಮಾತ್ರ ಎಲೆಗಳು ಹಸುರಾಗಿ ನಿಂತಿರುವುದನ್ನು ಕಂಡರು. ಎಲೆಗಳ ಮೇಲೆ ನೀಲಿಬಣ್ಣದ ಲೇಪವಿದ್ದಿತು. ವಿಚಾರಿಸಲಾಗಿ ತಿಳಿದುಬಂದದ್ದೇನೆಂದರೆ, ದಾರಿಹೋಕರು ಹಣ್ಣನ್ನು ಕದಿಯದಿರಲೆಂದು, ವಿಷದಂತೆ ತೋರುವ ಹಾಗೆ ತಾಮ್ರದ ಲವಣವನ್ನೂ ಸುಣ್ಣವನ್ನೂ ಕಲಸಿ ಅಂಚಿನ ಸಾಲುಗಳಿಗೆ ಚಿಮುಕಿಸುವುದು ಅಲ್ಲಿಯ ವಾಡಿಕೆ. ರೋಗಕ್ಕೂ ಆ ಲೇಪಕ್ಕೂ ಸಂಬಂಧವಿರಬಹುದೆಂದು ತೋಟದ ಕಾವಲಿನವರಾರೂ ಎಣಿಸಿರಲಿಲ್ಲ.

ಆ ಅಂಚಿನ ಸಾಲನ್ನು ಆ ವರ್ಷ ನೂರಾರು ಮಂದಿ ನೋಡಿದ್ದಿರಬೇಕು. ಒಂದೇ ಮಣ್ಣು, ಒಂದೇ ಬಳ್ಳಿ, ಒಂದೇ ಮಳೆ. ಹಾಗಿದ್ದೂ ಇಲ್ಲಿ ಹೀಗೇಕೆ, ಅಲ್ಲಿ ಹಾಗೇಕೆ, ಎಂದು ಕೇಳಿದವರು ಒಬ್ಬರು. ಉಪಾಯವು ಹುಟ್ಟಿದ್ದು ಆ ಪ್ರಶ್ನೆಯಿಂದ. ಆದರೆ ಅವರು ಮರುದಿನವೇ ಅದನ್ನು ಸಾರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ರಸಾಯನಶಾಸ್ತ್ರಜ್ಞರಾದ ಗೇಯೋನ್ ಎಂಬವರ ನೆರವಿನಿಂದ, ತೋಟದವರ ಸಹಾಯವನ್ನು ಪಡೆದು, ಪ್ರಯೋಗಗಳನ್ನು ನಡೆಸಿ, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಗಿನ ಪ್ರಮಾಣವು 100 ಲೀಟರು ನೀರಿಗೆ 8 ಕಿಲೋ ಮೈಲುತುತ್ತ, 30 ಲೀಟರು ನೀರಿನಲ್ಲಿ ಕಲಸಿದ 15 ಕಿಲೋ ಸುಣ್ಣ. ಅದು ಗಂಜಿಯಂತೆ ದಪ್ಪವಾಗಿದ್ದುದರಿಂದ ಸಣ್ಣ ಪೊರಕೆಯಿಂದ ಚಿಮುಕಿಸಬೇಕಾಗಿದ್ದಿತು. ಹಲವರ ಪರೀಕ್ಷೆಗಳಿಂದ ಪ್ರಮಾಣವು ಇಳಿಯುತ್ತಾ ಬಂದು, ಈಗ 100 ಲೀಟರಿಗೆ ತಲಾ ಒಂದು ಕಿಲೋ ಸಾಕೆಂದು ನಿಂತಿದೆ. ಮೊದಲನೆಯ ಉಪಾಯವು ಸರಿಯಾದುದಾಗಿದ್ದರೂ ಮೊದಲನೆಯ ಅಳತೆಯು ಅಷ್ಟೇನೂ ಸರಿಯಾದುದಾಗಿರಲಿಲ್ಲ.

ಈ ಔಷಧಿಯು ಅಡಿಕೆಗೆ ಬಂದ ಬಗೆಯೂ ತಿಳಿಯತಕ್ಕದ್ದೇ. ಮಲೆನಾಡಿನಲ್ಲಿ ಕೊಳೆರೋಗವೆಂದೂ ಕರಾವಳಿಯಲ್ಲಿ ಮಹಾಳಿಯೆಂದೂ ಹೆಸರಾದ ಬೇನೆಯಿಂದ ಮಳೆಗಾಲದಲ್ಲಿ ಎಳೆಯ ಕಾಯಿಗಳ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸುರು ಮಚ್ಚೆಗಳೆದ್ದು, ಕಾಯಿಗಳು ಉದುರಿ, ಅವುಗಳ ಮೇಲೆ ಬಿಳಿಯ ಬೂಜು ಹಬ್ಬುವುದನ್ನು ಎಲ್ಲರೂ ಬಲ್ಲರು. ಕೆನಡಾ ದೇಶದವರಾದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದು ಈ ರೋಗವನ್ನು ವ್ಯಾಸಂಗಮಾಡಿ, ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು 1910ರಲ್ಲಿ ವರ್ಣಿಸಿ, ಬೋರ್ಡೊ ದ್ರಾವಣದ ಸಿಂಪರಣೆಯನ್ನು ಪ್ರಚಾರಕ್ಕೆ ತಂದರು. ಈ ಜೀವಿಯೂ, ದ್ರಾಕ್ಷಿಯ ಬೂಜೂ, 1845ರಲ್ಲಿ ಐರ್ಲೆಂಡಿನಲ್ಲಿ ಕ್ಷಾಮವನ್ನು ತಂದ ಆಲೂಗೆಡ್ಡೆಯ ಅಂಗಮಾರಿಯ ಜೀವಿಯೂ ಒಂದೇ ಬಳಗದವು. ಇವುಗಳ ಬೀಜಕಣಗಳು ಎಲೆಕಾಯಿಗಳ ಮೇಲಿನ ನೀರಿನಲ್ಲಿ ಈಜಬಲ್ಲವು. ಆದಕಾರಣ ಒಂದಕ್ಕೆ ತಡೆಯಾದದ್ದು ಮತ್ತೊಂದಕ್ಕೂ ಆಯಿತು. ಹಾಸನದ ಕಡೆಯ ಆಲೂಗೆಡ್ಡೆಯ ಬೆಳೆಗಾರನೂ ತೀರ್ಥಹಳ್ಳಿಯ ಅಡಿಕೆಯವನೂ ಪರಸ್ಪರ ಕೇಳಿ ತಿಳಿಯಬೇಕಾದದ್ದು ಬಹಳವಿದೆ. ಹೊಸ ಯೋಚನೆಯು ಅನೇಕ ವೇಳೆ ಬೇರೆ ಬೆಳೆಯವನ ಜಗುಲಿಯ ಮೇಲೆ ಸಿಕ್ಕುತ್ತದೆ.

ಕೊನೆಗಳಿಗೆ ಕೊಟ್ಟೆಯನ್ನು ಕಟ್ಟಿ ಮಳೆನೀರನ್ನು ತಡೆಯುವ ಹಳೆಯ ಪದ್ಧತಿಯು ಅಜ್ಞಾನದ ಕೆಲಸವೆಂದು ಕೆಲವರು ಹೇಳುವುದುಂಟು. ಅದು ತಪ್ಪು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ, ಕಾಯಿಯು ಒದ್ದೆಯಾಗಿ ನಿಲ್ಲುವುದೇ ಕೇಡಿನ ಮೂಲವೆಂದು ತೋಟದವರು ನೋಡಿ ಅರಿತಿದ್ದರೆಂಬುದಕ್ಕೆ ಅದೇ ಸಾಕ್ಷಿ. ಹಾಗೆಯೇ ಹೊರಗಿನಿಂದ ಬಂದ ಔಷಧಿಯೂ ಇಲ್ಲಿಯ ಮಳೆಗೆ ಹೊಂದಿಕೊಳ್ಳಬೇಕಾಯಿತು. ತೊಳೆದುಹೋಗದಿರಲೆಂದು ರಾಳ ಮತ್ತು ಸೋಡಾದ ಅಂಟನ್ನು ಕೂಡಿಸುವುದು ಬಳಕೆಗೆ ಬಂದಿತು.

ಇನ್ನು ಸಲಕರಣೆಗಳ ವಿಷಯ. ಮೈಲುತುತ್ತವನ್ನು 50 ಲೀಟರಿನಲ್ಲಿಯೂ ಸುಣ್ಣವನ್ನು 50 ಲೀಟರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ಕಬ್ಬಿಣದ ಪಾತ್ರೆಯು ಕೂಡದು. ಮಣ್ಣು, ಮರ ಅಥವಾ ಪ್ಲಾಸ್ಟಿಕ್ಕಿನದು ಆಗಬಹುದು. ಸಿದ್ಧವಾದ ದ್ರಾವಣದಲ್ಲಿ ಉಜ್ಜಿ ಹೊಳಪಿಸಿದ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ಅದ್ದಿ ತೆಗೆದಾಗ, ಅಲಗಿನ ಮೇಲೆ ಕೆಂಪು ಲೇಪವು ಕೂತಿದ್ದರೆ ತಾಮ್ರವು ಇನ್ನೂ ಬಿಡಿಯಾಗಿ ಉಳಿದಿದೆಯೆಂದು ಅರ್ಥ. ಅಂತಹ ದ್ರಾವಣವು ಎಳೆಯ ಕಾಯಿಯನ್ನು ಸುಡುತ್ತದೆ. ಸುಣ್ಣವನ್ನು ಇನ್ನಷ್ಟು ಸೇರಿಸಿ ಪುನಃ ನೋಡಬೇಕು. ಅಂಗಡಿಯ ಸುಣ್ಣದ ಸತ್ವವು ಒಂದೊಂದು ಸಾರಿ ಒಂದೊಂದು ತೆರನಾಗಿರುವುದರಿಂದ ತಕ್ಕಡಿಯೊಂದನ್ನೇ ನಂಬುವಂತಿಲ್ಲ. ಅಡಿಗೆಮನೆಯ ಚಾಕುವೇ ಇಲ್ಲಿ ಪ್ರಯೋಗಶಾಲೆ. ದ್ರಾವಣವನ್ನು ಮಾಡಿದ ದಿನವೇ ಮುಗಿಸತಕ್ಕದ್ದು. ಹೆಚ್ಚು ಹೊಡೆದಷ್ಟೂ ಹೆಚ್ಚು ಗುಣವೆಂದು ತಿಳಿಯಬಾರದು. ತಾಮ್ರವು ಮಣ್ಣಿನಲ್ಲಿ ಕರಗಿಹೋಗದೆ ವರ್ಷದಿಂದ ವರ್ಷಕ್ಕೆ ಕೂಡುತ್ತದೆ.

ಫಲವನ್ನು ತಿಳಿಯುವ ಕ್ರಮವು ಇದಕ್ಕಿಂತಲೂ ಮುಖ್ಯವಾದುದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬಲ್ಲಿ 1843ರಲ್ಲಿ ಆರಂಭವಾದ ಗೋಧಿಯ ಪ್ರಯೋಗದಲ್ಲಿ, ಇತರ ಪಟ್ಟಿಗಳಿಗೆ ಬಗೆಬಗೆಯ ಗೊಬ್ಬರಗಳನ್ನು ಕೊಡುತ್ತಾ, ಒಂದು ಪಟ್ಟಿಗೆ ಮಾತ್ರ ಇಂದಿನವರೆಗೂ ಯಾವ ಗೊಬ್ಬರವನ್ನೂ ಹಾಕಿಲ್ಲ. ಆ ಬಡಪಟ್ಟಿಯಿಲ್ಲದಿದ್ದರೆ ಮಿಕ್ಕವುಗಳ ಬೆಲೆಯು ತಿಳಿಯುತ್ತಿರಲಿಲ್ಲ. ಆದರೆ ಕೊಳೆರೋಗದ ವಿಷಯದಲ್ಲಿ ಇದನ್ನು ಹಾಗೆಯೇ ಅನುಸರಿಸುವುದು ಸಲ್ಲದು. ಗೊಬ್ಬರವು ಬೇಲಿಯನ್ನು ದಾಟಿ ಹೋಗುವುದಿಲ್ಲ. ರೋಗವು ಗಾಳಿಮಳೆಗಳೊಡನೆ ದಾಟುತ್ತದೆ. ಔಷಧಿಯಿಲ್ಲದೆ ಬಿಟ್ಟ ಹತ್ತು ಮರಗಳು ಸುತ್ತಲಿನ ತೋಟಗಳಿಗೆಲ್ಲಾ ಕೇಡನ್ನು ಹಂಚಬಲ್ಲವು. ಆದುದರಿಂದ ಇಲ್ಲಿ ಹೋಲಿಕೆಯ ಮರಗಳಿಗೆ ರೂಢಿಯ ಸಿಂಪರಣೆಯನ್ನೇ ಮಾಡಿಸಿ, ಉಳಿದವುಗಳಲ್ಲಿ ಒಂದೇ ಒಂದು ಅಂಶವನ್ನು ಬದಲಾಯಿಸಬೇಕು: ಹೊಸ ಅಂಟು, ಅಥವಾ ಮೊದಲ ಸಿಂಪರಣೆಯ ದಿನ, ಅಥವಾ ಕೊನೆಗಾರನು ಮರ ಹತ್ತಿ ಹೊಡೆಯುವುದಕ್ಕೆ ಬದಲಾಗಿ ನೆಲದಿಂದಲೇ ಕಾರ್ಬನ್ ನಾರಿನ ದೋಟಿಯಿಂದ ಹೊಡೆಯುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ಯಾರಿಗೂ ತಿಳಿಯದು.

ಪರೀಕ್ಷೆಗೆ 40 ಮರಗಳು ಸಾಕು. ಒಳ್ಳೆಯ ಮರಗಳನ್ನೆಲ್ಲಾ ಹೊಸ ಕ್ರಮಕ್ಕೆ ಆರಿಸಿಕೊಂಡು, ಬಸಿಗಾಲುವೆಯ ಪಕ್ಕದ ಸೊರಗಿದ ಮರಗಳನ್ನು ಹಳೆಯ ಕ್ರಮಕ್ಕೆ ಬಿಡುವುದು ಮನುಷ್ಯ ಸಹಜವಾದ ದೋಷ. 1919ರಿಂದ ರೋಥಮ್‌ಸ್ಟೆಡ್ಡಿನಲ್ಲಿ ಕೆಲಸಮಾಡಿದ ಫಿಶರ್ ಎಂಬ ಗಣಿತಜ್ಞರು ಇದಕ್ಕೆ ಪರಿಹಾರವಾಗಿ ಆಯ್ಕೆಯನ್ನು ಅದೃಷ್ಟಕ್ಕೇ ಬಿಡಬೇಕೆಂದು ವಿಧಿಸಿದರು. ಮರಗಳಿಗೆ ಅಂಕಿಗಳನ್ನು ಬರೆದು, ಚೀಟಿಗಳನ್ನು ಮಡಿಸಿ, ಮನೆಯ ಮಗುವಿನ ಕೈಯಿಂದ ಎತ್ತಿಸಿದರೆ ಆಯಿತು. ಎರಡು ಬಣ್ಣಗಳಿಂದ ಮರಗಳಿಗೆ ಗುರುತು ಮಾಡತಕ್ಕದ್ದು. ವಾರಕ್ಕೊಮ್ಮೆ ಪ್ರತಿ ಮರದ ಬುಡದಲ್ಲಿ ಉದುರಿದ ಕಾಯಿಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದು, ಅವನ್ನು ತೋಟದ ಹೊರಗೆ ಸುಟ್ಟುಬಿಡಬೇಕು. ಅಂಗಳದ ಬಯಲಿನಲ್ಲಿ ಬಾಯಿ ಬುಡಗಳೆರಡೂ ಒಂದೇ ಅಗಲವಾದ ಡಬ್ಬಿಯನ್ನಿಟ್ಟು, ಪ್ರತಿ ಬೆಳಗ್ಗೆ ಅಳತೆಪಟ್ಟಿಯಿಂದ ನೀರಿನ ಆಳವನ್ನು ನೋಡಿದರೆ ಮಳೆಯ ಲೆಕ್ಕವೂ ಸಿಕ್ಕುತ್ತದೆ. ಮಳೆಯ ಲೆಕ್ಕವಿಲ್ಲದ ಪುಸ್ತಕದಿಂದ, ಔಷಧಿಯು ಗೆದ್ದಿತೋ ಮಳೆಯು ಸೋತಿತೋ ಹೇಳಲಾಗದು.

ಇದರಲ್ಲಿ ಗ್ರಾಮದ ಮುಖಂಡರು ಮಾಡಬಹುದಾದ ಕೆಲಸವೊಂದಿದೆ. ಸಣ್ಣ ಹಿಡುವಳಿಯವರಿಗೆ ಪಂಪೂ ದೋಟಿಯೂ ಕೊನೆಗಾರರೂ ಸಕಾಲದಲ್ಲಿ ಸಿಕ್ಕುವುದಿಲ್ಲ. ಅವರ ತೋಟವು ಕೊಳೆತರೆ ದೊಡ್ಡ ತೋಟವೂ ಉಳಿಯುವುದಿಲ್ಲ. ಆದಕಾರಣ ನಾಲ್ಕಾರು ಮನೆಗಳವರು ಕೂಡಿ ಸಲಕರಣೆಗಳನ್ನು ಇಟ್ಟುಕೊಂಡು, ಯಾರ ತೋಟಕ್ಕೆ ಯಾವ ದಿನವೆಂದು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವುದು ಲೇಸು. ಮೊದಲನೆಯ ಸಿಂಪರಣೆಯು ಮುಂಗಾರು ಹಿಡಿಯುವುದಕ್ಕೆ ಮುಂಚೆ, ಮೇ ಕೊನೆಯಲ್ಲಿ ಅಥವಾ ಜೂನ್ ಮೊದಲಲ್ಲಿ ಆಗಬೇಕು. ಎರಡನೆಯದು 40ರಿಂದ 45 ದಿನಗಳ ತರುವಾಯ. ಮಳೆಯು ಬೆಳೆದರೆ ಮೂರನೆಯದು. ಮರಗಳ ಗುರುತು, ಚೀಟಿ, ಪುಸ್ತಕ ಇವೆಲ್ಲವೂ ಮೇ ತಿಂಗಳ ಮಧ್ಯದೊಳಗೆ ಸಿದ್ಧವಾಗಿರತಕ್ಕದ್ದು. ಲೆಕ್ಕದಲ್ಲಿ ಸಂಶಯ ಬಂದರೆ ಆ ಪುಸ್ತಕವನ್ನೂ, ಕಾಗದದಲ್ಲಿ ಸುತ್ತಿದ ಹೊಸದಾಗಿ ಉದುರಿದ ನಾಲ್ಕು ಕಾಯಿಗಳನ್ನೂ ತೆಗೆದುಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ವಿಟ್ಲದ ತೋಟಬೆಳೆಗಳ ಸಂಶೋಧನಾ ಕೇಂದ್ರಕ್ಕಾಗಲಿ ಹೋಗಬಹುದು. ಪ್ಲಾಸ್ಟಿಕ್ಕಿನ ಚೀಲದಲ್ಲಿ ಕಟ್ಟಿದ ಕಾಯಿಗಳು ದಾರಿಯಲ್ಲಿಯೇ ಬೆವರಿ ಬೇರೆ ಬೂಜುಗಳನ್ನು ಹಿಡಿಸಿಕೊಳ್ಳುವುದರಿಂದ ಕಾಗದವೇ ಆಗಬೇಕು.