ಕಾಣದ ಸರತಿಯ ಲೆಕ್ಕ: ಥೀಮ್ ಪಾರ್ಕ್ ಆ್ಯಪ್ ವರ್ತಕರಿಗೆ ಕಲಿಸುವ ಪಾಠ

‘ಗ್ರಾಹಕನೇ ದೇವರು’ ಎಂಬ ಫಲಕವನ್ನು ಗೋಡೆಗೆ ತೂಗುಹಾಕಿ, ಆ ದೇವರನ್ನೇ ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲಿಸುವ ಅಂಗಡಿ, ಗ್ಯಾರೇಜು, ಕಾರ್ಖಾನೆಗಳು ನಾಡಿನಲ್ಲಿ ಕಡಿಮೆಯಿಲ್ಲ. ಸರಕಿನ ಬೆಲೆ, ಕೂಲಿ, ಬಡ್ಡಿ, ಬಾಡಿಗೆ ಇವೆಲ್ಲಕ್ಕೂ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಖಾತೆ ಇರುತ್ತದೆ. ಗ್ರಾಹಕನು ಕಾಯುತ್ತ ಕಳೆದ ವೇಳೆಗೆ ಮಾತ್ರ ಯಾವ ಖಾತೆಯೂ ಇಲ್ಲ. ಆದರೂ ಬೇಸತ್ತು ಹಿಂತಿರುಗಿದ ಗ್ರಾಹಕನ ನಷ್ಟ ವರ್ಷಾಂತ್ಯದ ಲಾಭ-ನಷ್ಟ ತಃಖ್ತೆಯಲ್ಲಿ ಹೆಸರಿಲ್ಲದೆ ಸೇರಿಯೇ ಇರುತ್ತದೆ. ಕಾಯುವಿಕೆಯನ್ನು ಒಂದು ಉದ್ಯಮ ಸಮಸ್ಯೆಯೆಂದು ಪರಿಗಣಿಸಿ, ಹಣ ಹೂಡಿ, ಪ್ರಯೋಗ ನಡೆಸಿ, ತಪ್ಪುಗಳಿಂದಲೂ ಕಲಿತ ಕ್ಷೇತ್ರವೊಂದಿದೆ. ಅದು ಅಮೆರಿಕದ ಥೀಮ್ ಪಾರ್ಕುಗಳ ಕ್ಷೇತ್ರ. ಅಲ್ಲಿ ರೂಪುಗೊಂಡ ‘ವರ್ಚುಯಲ್ ಕ್ಯೂ’, ಅಂದರೆ ಕಾಣದ ಸರತಿಯ ಪದ್ಧತಿಯು ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಅಧ್ಯಯನಯೋಗ್ಯವಾಗಿದೆ.

ಬೆಳೆದು ಬಂದ ಬಗೆ

1999ರಲ್ಲಿ ಡಿಸ್ನಿ ಸಂಸ್ಥೆಯು ಫ್ಲಾರಿಡಾದ ತನ್ನ ಪಾರ್ಕುಗಳಲ್ಲಿ ‘ಫಾಸ್ಟ್‌ಪಾಸ್’ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ಪ್ರವೇಶ ಟಿಕೆಟನ್ನು ರೈಡ್‌ನ ಬಳಿಯ ಯಂತ್ರಕ್ಕೆ ತೂರಿಸಿದರೆ, ಒಂದು ಗಂಟೆಯ ಅವಧಿಯನ್ನು ಮುದ್ರಿಸಿದ ಚೀಟಿ ದೊರೆಯುತ್ತಿತ್ತು. ಆ ಅವಧಿಯೊಳಗೆ ಮರಳಿ ಬಂದವರಿಗೆ ಪ್ರತ್ಯೇಕ ದ್ವಾರದಿಂದ ಪ್ರವೇಶ. ಇದಕ್ಕೆ ಪ್ರತ್ಯೇಕ ಶುಲ್ಕವಿರಲಿಲ್ಲ. 2000ದ ದಶಕದ ಆರಂಭದಲ್ಲಿ ಬ್ರಿಟನ್ನಿನ ‘ಲೋ-ಕ್ಯೂ’ ಕಂಪನಿಯು ಸಿಕ್ಸ್ ಫ್ಲ್ಯಾಗ್ಸ್ ಪಾರ್ಕುಗಳಲ್ಲಿ ಸರತಿ ಕಾದಿರಿಸುವ ಪುಟ್ಟ ಸಾಧನವನ್ನು ಬಾಡಿಗೆಗೆ ನೀಡಲಾರಂಭಿಸಿತು. 2017ರಲ್ಲಿ ಒರ್ಲ್ಯಾಂಡೊದಲ್ಲಿ ತೆರೆದ ಯೂನಿವರ್ಸಲ್ ಸಂಸ್ಥೆಯ ಜಲೋದ್ಯಾನ ‘ವೊಲ್ಕೇನೊ ಬೇ’, ಸಂದರ್ಶಕರ ಮುಂಗೈಗೆ ‘ತಪುತಪು’ ಎಂಬ ಪಟ್ಟಿಯನ್ನು ಕಟ್ಟಿ, ಸರದಿ ಬಂದೊಡನೆ ಅದರಲ್ಲೇ ಸೂಚನೆ ನೀಡುವ ಕ್ರಮವನ್ನು ಅಳವಡಿಸಿಕೊಂಡಿತು.

ಮೊಬೈಲ್ ಆ್ಯಪ್‌ನ ಪೂರ್ಣ ಪರೀಕ್ಷೆ ನಡೆದುದು ಡಿಸ್ನಿಯ ‘ರೈಸ್ ಆಫ್ ದಿ ರೆಸಿಸ್ಟೆನ್ಸ್’ ಎಂಬ ರೈಡ್‌ನಲ್ಲಿ. ಇದು 2019ರ ಡಿಸೆಂಬರ್‌ನಲ್ಲಿ ಫ್ಲಾರಿಡಾದಲ್ಲಿಯೂ 2020ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿಯೂ ಆರಂಭವಾಯಿತು.

ಆ್ಯಪ್‌ನ ಬಳಕೆಯ ಕ್ರಮ

ಸಂದರ್ಶಕನು ಮೊದಲು ಪಾರ್ಕ್‌ನ ಆ್ಯಪನ್ನು ಫೋನಿಗೆ ಇಳಿಸಿಕೊಂಡು ಖಾತೆ ತೆರೆಯಬೇಕು. ಕುಟುಂಬದ ಎಲ್ಲರ ಟಿಕೆಟ್‌ಗಳನ್ನೂ ಆ ಖಾತೆಗೆ ಜೋಡಿಸಬೇಕು. ಜೋಡಿಸದೆ ಬಿಟ್ಟ ಸದಸ್ಯನು ಸರದಿಯಿಂದ ಹೊರಗೆ ಉಳಿಯುತ್ತಾನೆ. ನಿಗದಿತ ವೇಳೆಗೆ ಸರಿಯಾಗಿ ‘ಸೇರಿ’ ಎಂಬ ಗುಂಡಿಯನ್ನು ಒತ್ತಿದರೆ ಗುಂಪು ಸಂಖ್ಯೆಯೊಂದು ದೊರೆಯುತ್ತದೆ. ಈಗ ಒಳಗೆ ಹೋಗುತ್ತಿರುವುದು ಯಾವ ಗುಂಪು ಎಂಬುದನ್ನು ಆ್ಯಪ್ ತೋರಿಸುತ್ತಿರುತ್ತದೆ. ತನ್ನ ಸಂಖ್ಯೆ ಬಂದೊಡನೆ ಸೂಚನೆ ಬರುತ್ತದೆ. ಕೊಟ್ಟ ಅವಧಿಯೊಳಗೆ ದ್ವಾರಕ್ಕೆ ಹೋಗಿ ಟಿಕೆಟನ್ನು ಯಂತ್ರಕ್ಕೆ ತೋರಿಸಬೇಕು. ಅಲ್ಲಿಯವರೆಗೆ ಊಟ, ಖರೀದಿ, ಬೇರೆ ಆಟ ಏನನ್ನಾದರೂ ಮಾಡಬಹುದು. ಇದರ ಲಾಭ ಉದ್ಯಮಕ್ಕೂ ಇದೆ. ಸಾಲಿನಲ್ಲಿ ನಿಂತವನು ಏನನ್ನೂ ಕೊಳ್ಳಲಾರ. ಸಾಲಿನಿಂದ ಬಿಡುಗಡೆಯಾದವನು ಹೋಟೆಲಿಗೂ ಅಂಗಡಿಗೂ ಹೋಗುತ್ತಾನೆ.

ಸಮಯ ನಮೂದಿಸಿದ ಟೋಕನ್ ಪಡೆದು ತಿರುಮಲೆಯಲ್ಲಿ ದರ್ಶನ ಮಾಡಿ ಬಂದವರಿಗೆ ಈ ತತ್ತ್ವ ಹೊಸದಲ್ಲ.

ಕಾಯುವಿಕೆ ನಿಜಕ್ಕೂ ತಗ್ಗಿತೆ?

ಇಲ್ಲಿ ವರ್ತಕರು ಎಚ್ಚರಿಕೆಯಿಂದ ಲೆಕ್ಕ ಹಾಕಬೇಕು. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಗಣಿತದ ಮೂಲಕ ಸಿದ್ಧಪಡಿಸಿದ ಸರಳ ಸೂತ್ರವೊಂದಿದೆ. ಸಾಲಿನಲ್ಲಿರುವವರ ಸರಾಸರಿ ಸಂಖ್ಯೆಯನ್ನು ಗಂಟೆಗೆ ಸೇವೆ ಪಡೆದು ಹೊರಹೋಗುವವರ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಕಾಯುವ ವೇಳೆ ಸಿಗುತ್ತದೆ.

ಉದಾಹರಣೆಗೆ, ಒಂದು ರೈಡ್‌ನ ಸಾಮರ್ಥ್ಯ ಗಂಟೆಗೆ 1,000 ಜನ, ಸಾಲಿನಲ್ಲಿರುವವರು 500 ಜನ ಎಂದಿಟ್ಟುಕೊಳ್ಳೋಣ. ಕಾಯುವ ವೇಳೆ 30 ನಿಮಿಷ. ಈಗ 700 ಸ್ಥಾನಗಳನ್ನು ಆ್ಯಪ್‌ನವರಿಗೆ ಮೀಸಲಿಟ್ಟರೆ, ನೇರ ಸಾಲಿಗೆ ಉಳಿಯುವುದು ಗಂಟೆಗೆ 300 ಸ್ಥಾನ ಮಾತ್ರ. ಆ ಸಾಲಿನಲ್ಲಿ 150 ಜನ ನಿಂತರೂ ಕಾಯುವ ವೇಳೆ ಮತ್ತೆ 30 ನಿಮಿಷವೇ. 300 ಜನ ನಿಂತರೆ ಅದು 60 ನಿಮಿಷವಾಗುತ್ತದೆ. ಅತ್ತ ಆ್ಯಪ್‌ನಲ್ಲಿ ಸ್ಥಾನ ಹಿಡಿದವನು ಸುಮ್ಮನೆ ಕೂಡುವುದಿಲ್ಲ; ಬೇರೊಂದು ರೈಡ್‌ನ ಸಾಲಿನಲ್ಲಿ ಹೋಗಿ ನಿಲ್ಲುತ್ತಾನೆ, ಆ ಸಾಲು ಬೆಳೆಯುತ್ತದೆ. ಒಬ್ಬನೇ ಏಕಕಾಲಕ್ಕೆ ಎರಡು ಸಾಲುಗಳಲ್ಲಿ ಇದ್ದಂತಾಯಿತು.

ಆದ್ದರಿಂದ ಆ್ಯಪ್ ಕಾಯುವ ಸ್ಥಳವನ್ನು ಬದಲಿಸುತ್ತದೆ, ಕಾಯುವ ಬೇಸರವನ್ನು ತಗ್ಗಿಸುತ್ತದೆ. ಸಾಮರ್ಥ್ಯವನ್ನು ಮಾತ್ರ ಒಬ್ಬ ವ್ಯಕ್ತಿಯಷ್ಟೂ ಹೆಚ್ಚಿಸುವುದಿಲ್ಲ. ರೈಸ್ ಆಫ್ ದಿ ರೆಸಿಸ್ಟೆನ್ಸ್‌ಗೆ ಬೇಡಿಕೆ ಎಷ್ಟಿತ್ತೆಂದರೆ, ಗುಂಪು ಸಂಖ್ಯೆಗಳು ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತಿದ್ದವು. ಆರಂಭದ ದಿನಗಳಲ್ಲಿ ಖಚಿತ ಗುಂಪುಗಳ ನಂತರದವರಿಗೆ ‘ಬ್ಯಾಕಪ್’ ಗುಂಪುಗಳನ್ನು ನೀಡಿ, ಅವರಿಗೆ ಪ್ರವೇಶದ ಖಾತರಿ ಇಲ್ಲವೆಂದು ಮೊದಲೇ ತಿಳಿಸಲಾಗುತ್ತಿತ್ತು. ಕೊಡಬಲ್ಲ ಮಾತನ್ನೂ ಕೊಡಲಾಗದ ಮಾತನ್ನೂ ಬೇರ್ಪಡಿಸಿ ಹೇಳಿದ ಈ ಕ್ರಮ ಗಮನಾರ್ಹವಾದುದು. ಫ್ಲಾರಿಡಾದ ಈ ರೈಡ್ 2021ರಲ್ಲಿ ಸಾಮಾನ್ಯ ಸಾಲಿಗೆ ಮರಳಿತು. 2022ರಲ್ಲಿ ಎಪ್ಕಾಟ್ ಪಾರ್ಕ್‌ನಲ್ಲಿ ಕಾಣದ ಸರತಿಯೊಂದಿಗೆ ತೆರೆದ ‘ಕಾಸ್ಮಿಕ್ ರಿವೈಂಡ್’ ಕೂಡ 2025ರಲ್ಲಿ ಸಾಮಾನ್ಯ ಸಾಲಿಗೆ ಬಂತು.

ಸರದಿಯ ಮಾರಾಟ

ಡಿಸ್ನಿಯ ಉಚಿತ ಫಾಸ್ಟ್‌ಪಾಸ್ 2020ರಲ್ಲಿ ಕೋವಿಡ್ ಕಾರಣ ಪಾರ್ಕುಗಳು ಮುಚ್ಚಿದಾಗ ನಿಂತುಹೋಯಿತು. 2021ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದಲ್ಲಿ ಅದರ ಸ್ಥಾನಕ್ಕೆ ‘ಜೀನಿ ಪ್ಲಸ್’ ಬಂದಿತು. ಆರಂಭದ ದರ ದಿನಕ್ಕೆ, ತಲೆಗೆ 15 ಡಾಲರ್. ಅತಿ ಬೇಡಿಕೆಯ ರೈಡ್‌ಗಳಿಗೆ ಬೇರೆಯೇ ಶುಲ್ಕ. 2024ರಲ್ಲಿ ಇದರ ಹೆಸರು ‘ಲೈಟ್ನಿಂಗ್ ಲೇನ್ ಮಲ್ಟಿ ಪಾಸ್’ ಎಂದಾಯಿತು. ಹೀಗೆ ಸೌಲಭ್ಯವಾಗಿದ್ದುದು ಆದಾಯದ ಮೂಲವಾಯಿತು.

ಸಣ್ಣ ವರ್ತಕನು ಇದನ್ನು ಅನುಕರಿಸುವ ಮುನ್ನ ಯೋಚಿಸಬೇಕು. ಹಣ ಕೊಟ್ಟವನಿಗೆ ಮಾರಿದ ಪ್ರತಿಯೊಂದು ಸರದಿಯೂ ಹಣ ಕೊಡದವನ ಸಾಲಿನಿಂದ ತೆಗೆದುದೇ ಆಗಿರುತ್ತದೆ. ದೂರದೂರಿನಿಂದ ಒಂದು ಬಾರಿ ಬರುವ ಪ್ರವಾಸಿ ಅದನ್ನು ಸಹಿಸಿಯಾನು. ಅದೇ ಬೀದಿಯಲ್ಲಿ ವಾಸಿಸಿ ಇಪ್ಪತ್ತು ವರ್ಷಗಳಿಂದ ವ್ಯವಹರಿಸುತ್ತಿರುವ ಗ್ರಾಹಕನು ಸಹಿಸಲಾರನು.

ಲೆಕ್ಕಶಾಸ್ತ್ರದ ದೃಷ್ಟಿ

ಟೋಕನ್ ಎಂಬುದು ಒಂದು ಹುಂಡಿಯಿದ್ದಂತೆ. ಹುಂಡಿಗೆ ವಾಯಿದೆಯ ದಿನವಿದ್ದರೆ ಟೋಕನ್ನಿಗೆ ವಾಯಿದೆಯ ಗಂಟೆ ಇದೆ. ಖಜಾನೆಯಲ್ಲಿ ಹಣವಿಲ್ಲದೆ ಹುಂಡಿ ಬರೆದವನ ಪತ್ತು ಹೇಗೆ ಕುಸಿಯುವುದೋ, ಸಾಮರ್ಥ್ಯವಿಲ್ಲದೆ ಟೋಕನ್ ಹಂಚಿದವನ ಪತ್ತೂ ಹಾಗೆಯೇ ಕುಸಿಯುತ್ತದೆ. ಟೋಕನ್ನಿನ ಜೊತೆಗೆ ಮುಂಗಡ ಹಣವನ್ನೂ ಪಡೆದಿದ್ದರೆ, ಸೇವೆ ಪೂರ್ಣವಾಗುವವರೆಗೆ ಅದು ಆದಾಯವಲ್ಲ. ಅಢಾವೆ ಪತ್ರಿಕೆಯ ಜವಾಬ್ದಾರಿಗಳ ಭಾಗದಲ್ಲಿ ಇರಬೇಕಾದ ಮೊತ್ತ. ನೋಂದಾಯಿತ ವರ್ತಕರು ಜಿಎಸ್‌ಟಿಯನ್ನೂ ಮರೆಯಬಾರದು. ಸೇವೆಗಾಗಿ ಪಡೆದ ಮುಂಗಡಕ್ಕೆ, ಅದನ್ನು ಪಡೆದಾಗಲೇ ತೆರಿಗೆಯ ಹೊಣೆ ಉಂಟಾಗುತ್ತದೆ. ಸರಕಿನ ಮುಂಗಡಕ್ಕೆ, ಕಾಂಪೋಸಿಷನ್ ಯೋಜನೆಯವರನ್ನು ಬಿಟ್ಟು ಉಳಿದವರಿಗೆ, 2017ರ ನವೆಂಬರ್‌ನಿಂದ ಈ ಹೊಣೆಯನ್ನು ತೆಗೆಯಲಾಗಿದೆ.

ಅಳವಡಿಕೆಗೆ ಕೆಲವು ಸೂತ್ರಗಳು

ಇದಕ್ಕೆ ದುಬಾರಿ ಆ್ಯಪ್ ಬೇಕೆಂದಿಲ್ಲ. ಸಂಖ್ಯೆ ಬರೆದ ಚೀಟಿ, ಒಂದು ನೋಟ್‌ಬುಕ್ ಮತ್ತು ಒಂದು ಫೋನ್ ಇದ್ದರೂ ಆರಂಭಿಸಬಹುದು.

1. ಸಾಮರ್ಥ್ಯವನ್ನು ಮೊದಲು ಅಳೆಯಿರಿ. ಎರಡು ರ‍್ಯಾಂಪ್‌ಗಳಿರುವ ಗ್ಯಾರೇಜಿನಲ್ಲಿ ವಾಹನಕ್ಕೆ ಒಂದು ಗಂಟೆಯಂತೆ ಎಂಟು ಗಂಟೆಯಲ್ಲಿ 16 ವಾಹನಗಳ ಕೆಲಸ ಸಾಧ್ಯ. ಟೋಕನ್ ನೀಡಬೇಕಾದುದು 12ಕ್ಕೆ ಮಾತ್ರ. ಎರಡು ಸ್ಥಾನಗಳು ಟೋಕನ್ ಇಲ್ಲದೆ ಬರುವವರಿಗೆ, ಎರಡು ವಿದ್ಯುತ್ ಕಡಿತ ಮತ್ತು ಯಂತ್ರದ ದುರಸ್ತಿಗೆ.

2. ಒಬ್ಬರಿಗೆ ಒಂದೇ ಟೋಕನ್. ವೊಲ್ಕೇನೊ ಬೇಯಲ್ಲಿ ತಪುತಪು ಪಟ್ಟಿಯ ಮೂಲಕ ಒಮ್ಮೆಗೆ ಒಂದೇ ಸರದಿಯನ್ನು ಹಿಡಿಯಲು ಅವಕಾಶವಿತ್ತು.

3. ನಿಮಿಷವನ್ನಲ್ಲ, ಅವಧಿಯನ್ನು ತಿಳಿಸಿ. ‘11ಕ್ಕೆ ಬನ್ನಿ’ ಎನ್ನುವುದಕ್ಕಿಂತ ‘11ರಿಂದ 12ರೊಳಗೆ ಬನ್ನಿ’ ಎನ್ನುವುದು ಇಬ್ಬರಿಗೂ ಕ್ಷೇಮ. ತಡವಾಗಿ ಬಂದವರ ಬಗೆಗಿನ ನಿಯಮವನ್ನು ಚೀಟಿಯಲ್ಲೇ ಬರೆದಿರಬೇಕು.

4. ಫೋನ್ ಬಳಸಲಾರದ ಹಿರಿಯರಿಗೂ ಹಳ್ಳಿಯ ಗ್ರಾಹಕರಿಗೂ ನೇರ ಸಾಲು ಇರಲೇಬೇಕು.

5. ವಿಳಂಬವಾದರೆ ಗ್ರಾಹಕನು ಮನೆ ಬಿಡುವ ಮುನ್ನವೇ ತಿಳಿಸಿ. ಅಕ್ಕಿ ಗಿರಣಿಯ ವೇಬ್ರಿಡ್ಜ್ ಕೆಟ್ಟಿರುವ ಸುದ್ದಿ ಲಾರಿ ಹೊರಡುವ ಮೊದಲು ತಲುಪಿದರೆ ಲಾರಿಯವನ ಒಂದು ದಿನದ ಬಾಡಿಗೆ ಉಳಿಯುತ್ತದೆ.

6. ಕೊಟ್ಟ ಟೋಕನ್ನುಗಳೆಷ್ಟು, ವೇಳೆಗೆ ಸರಿಯಾಗಿ ತೀರಿಸಿದವೆಷ್ಟು ಎಂಬುದನ್ನು ಪ್ರತಿದಿನ ಬರೆದಿಡಿ. ಒಂದು ತಿಂಗಳ ಈ ಲೆಕ್ಕವೇ ಇನ್ನೊಂದು ಯಂತ್ರ ಬೇಕೋ, ಇನ್ನೊಬ್ಬ ಕೆಲಸಗಾರ ಬೇಕೋ ಎಂಬುದನ್ನು ತಿಳಿಸುತ್ತದೆ.

ಉಪಸಂಹಾರ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸಾಲ ಮಾಡುವವನಿಗೆ ಅನ್ವಯಿಸುವಂತೆ ಸಮಯದ ಭರವಸೆ ನೀಡುವವನಿಗೂ ಅನ್ವಯಿಸುತ್ತದೆ. ದಿನನಿತ್ಯವೂ ಸಾಲು ಬೆಳೆಯುತ್ತಿದ್ದರೆ ಅದಕ್ಕೆ ಪರಿಹಾರ ಸಾಮರ್ಥ್ಯದ ವಿಸ್ತರಣೆಯೇ ಹೊರತು ಆ್ಯಪ್ ಅಲ್ಲ. ದಿನದ ಕೆಲವೇ ಗಂಟೆಗಳಲ್ಲಿ ನೂಕುನುಗ್ಗಲಾಗಿ ಉಳಿದ ವೇಳೆ ಕೆಲಸವಿಲ್ಲದಿದ್ದರೆ ಟೋಕನ್ ಪದ್ಧತಿಯು ನಿಶ್ಚಯವಾಗಿ ಫಲ ನೀಡುತ್ತದೆ. ಈ ಎರಡರಲ್ಲಿ ತನ್ನ ಸ್ಥಿತಿ ಯಾವುದೆಂಬುದನ್ನು ವರ್ತಕನು ಮೊದಲು ತಿಳಿದುಕೊಳ್ಳುವುದು ಒಳಿತು.