ಕವನ ಮೊದಲು ಹೋಗಲಿ, ಪುಸ್ತಕ ಆಮೇಲೆ ಬರಲಿ

ತಂಗಿ, ಪಿಯುಸಿ ಮೊದಲ ವರ್ಷಕ್ಕೇ ನೀನು ನೋಟ್‌ಬುಕ್ ತುಂಬ ಕವನ ಬರೆದಿರುವೆ ಎಂದು ನಿಮ್ಮವ್ವ ಹೇಳಿದಾಗ ಬಹಳ ಸಂತೋಷವಾಯಿತು. ಯಾರೋ ‘ಹಣ ಕಟ್ಟಿದರೆ ಒಂದೇ ತಿಂಗಳಲ್ಲಿ ಸಂಕಲನ ತಂದುಕೊಡುತ್ತೇವೆ’ ಅಂದಿದ್ದಾರಂತೆ, ಕಟ್ಟಲೇ ಎಂದು ಕೇಳಿದ್ದೀ. ಕಟ್ಟಬೇಡ. ಈಗಲೇ ಪುಸ್ತಕದ ಅವಸರ ಬೇಡ. ಮೊದಲು ಒಂದೊಂದೇ ಕವನ ಮನೆ ಬಿಟ್ಟು ಹೊರಡಲಿ, ನಿನ್ನ ಮುಖ ನೋಡದ ಒಬ್ಬ ಓದುಗನಿಗೆ ಹಿಡಿಸಲಿ. ಪುಸ್ತಕ ತಾನಾಗಿ ಹಿಂದೆ ಬರುತ್ತದೆ.

ನಮ್ಮ ಧಾರವಾಡದ ಹಿರಿಯರು ನಡೆದ ದಾರಿಯೂ ಇದೇ. ಬೇಂದ್ರೆಯವರ ಮೊದಲ ಕವನ ‘ಪ್ರಭಾತ’ ಪತ್ರಿಕೆಯಲ್ಲಿ ಅಚ್ಚಾದದ್ದು 1918ರಲ್ಲಿ, ಆಗ ಅವರಿಗೆ 22 ವರ್ಷ. ‘ಕೃಷ್ಣಕುಮಾರಿ’ ಪುಸ್ತಕ ಬಂದದ್ದು 1922ರಲ್ಲಿ, ‘ಗರಿ’ ಸಂಕಲನ ಬಂದದ್ದು 1932ರಲ್ಲಿ. ಚೆನ್ನವೀರ ಕಣವಿಯವರ ಮೊದಲ ಸಂಕಲನ ‘ಕಾವ್ಯಾಕ್ಷಿ’ 1949ರಲ್ಲಿ, ಚಂಪಾ (ಚಂದ್ರಶೇಖರ ಪಾಟೀಲ) ಅವರ ‘ಬಾನುಲಿ’ 1960ರಲ್ಲಿ ಬಂದವು. ಇಬ್ಬರಿಗೂ ಆಗ ಇಪ್ಪತ್ತೊಂದರ ಆಸುಪಾಸು. ನಿನಗಿನ್ನೂ ಹದಿನಾರು. ಕೈಯಲ್ಲಿ ಬೇಕಾದಷ್ಟು ಕಾಲವಿದೆ, ಅದನ್ನು ಹೇಗೆ ಬಳಸುತ್ತೀ ಎಂಬುದೇ ಮುಖ್ಯ.

ಬೇಂದ್ರೆಯವರು ಆ ನಡುವಿನ ವರ್ಷಗಳಲ್ಲಿ ಒಬ್ಬರೇ ಕೂತು ಬರೆಯಲಿಲ್ಲ. ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡರು. ಗೋಕಾಕರು, ಮುಗಳಿಯವರು, ಬೆಟಗೇರಿ ಕೃಷ್ಣಶರ್ಮರು, ಶಂಬಾ ಜೋಶಿಯವರು ಅಲ್ಲಿ ಕೂಡುತ್ತಿದ್ದರು. ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಗೋಕಾಕರಿಗೆ ಬೇಂದ್ರೆಯವರ ಸಂಗ ಸಿಕ್ಕಿತು. ನೀನೂ ಮೂರು ನಾಲ್ಕು ಜನ ಗೆಳತಿಯರನ್ನು ಕೂಡಿಸಿಕೊಂಡು ಕವನವನ್ನು ಬಾಯಿಬಿಟ್ಟು ಓದು. ‘ಚೆಂದ ಐತಿ’ ಎಂದು ಅವರು ಹೇಳುವುದನ್ನು ಬದಿಗಿಡು. ಎಲ್ಲಿ ಅವರ ಗಮನ ಸಡಿಲವಾಯಿತು, ಎಲ್ಲಿ ನಿನ್ನ ನಾಲಿಗೆಯೇ ತೊಡರಿತು, ಅದನ್ನು ಪೆನ್ಸಿಲ್ಲಿನಿಂದ ಗುರುತು ಮಾಡಿಕೋ. ತಿದ್ದಬೇಕಾದ ಜಾಗ ಅಲ್ಲೇ ಇರುತ್ತದೆ.

ನೀನು ಕಳಿಸಿದ ಮಳೆಯ ಕವನವನ್ನೇ ನೋಡು. ಮೊದಲ ಎರಡು ನುಡಿಗಳಲ್ಲಿ ಮಳೆ ಎಷ್ಟು ಸುಂದರ, ಇಳೆ ಎಷ್ಟು ಪುಳಕಗೊಂಡಿತು ಎಂದಿದ್ದೀ. ಅದನ್ನು ಯಾವ ಊರಿನವರಾದರೂ ಬರೆಯಬಹುದು. ಮೂರನೆಯ ನುಡಿಯಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಬರುತ್ತದೆ. ಕಿಟಕಿಗೆ ಹಣೆ ಹಚ್ಚಿ ನಿಂತ ಹುಡುಗಿ, ನವಲೂರು ದಾಟುವಷ್ಟರಲ್ಲಿ ಮಸುಕಾಗುವ ಗಾಜು, ಆ ಗಾಜಿನ ಮೇಲೆ ಅವಳು ಬೆರಳಿನಿಂದ ಬರೆದು ಅಳಿಸುವ ಹೆಸರು. ನಿನ್ನ ಕವನ ಅಲ್ಲಿಂದ ಶುರುವಾಗುತ್ತದೆ. ಮೇಲಿನ ಎರಡೂ ನುಡಿ ತೆಗೆದುಹಾಕಿ ಓದು. ಕೊನೆಯಲ್ಲಿ ‘ಇದೇ ಜೀವನ’ ಎಂದು ಮುಗಿಸಿದ್ದೀಯಲ್ಲ, ಅದನ್ನೂ ತೆಗೆ. ಹೆಸರು ಅಳಿಸಿದ ಮೇಲೆ ಓದುಗನಿಗೆ ತಿಳಿಯುವುದನ್ನು ನೀನು ಮತ್ತೆ ಹೇಳಬೇಕಾಗಿಲ್ಲ.

ತಿದ್ದಿದ ಮೇಲೆ ಎಲ್ಲಿಗೆ ಕಳಿಸಬೇಕು? ಮೊದಲು ನಿನ್ನ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡು, ಅದನ್ನು ಕಡಿಮೆ ಎಂದು ತಿಳಿಯಬೇಡ. ಆಮೇಲೆ ಪತ್ರಿಕೆಗಳ ಭಾನುವಾರದ ಪುರವಣಿ, ವಾರಪತ್ರಿಕೆ, ಮಾಸಪತ್ರಿಕೆ. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ‘ಕಸ್ತೂರಿ’ ನಮ್ಮ ಹುಬ್ಬಳ್ಳಿ-ಧಾರವಾಡದ ನೆಲದಲ್ಲೇ ಬೆಳೆದವು. ಧಾರವಾಡ ಆಕಾಶವಾಣಿ 1950ರಿಂದ ಇದೆ, ಅಲ್ಲಿಯ ‘ಯುವವಾಣಿ’ ನಿನ್ನ ವಯಸ್ಸಿನವರಿಗೆಂದೇ ಬಂದ ಕಾರ್ಯಕ್ರಮ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಕನ್ನಡ ಸಂಘ ಕಾಲೇಜು ವಿದ್ಯಾರ್ಥಿಗಳಿಗಾಗಿ ಬೇಂದ್ರೆಯವರ ಹೆಸರಿನಲ್ಲಿಯೇ ಕವನ ಸ್ಪರ್ಧೆ ನಡೆಸುತ್ತ ಬಂದಿದೆ. ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗೆ ಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ಕರೆ ಕೊಡುತ್ತಾರೆ, ಪ್ರಕಟಣೆಯ ಮೇಲೆ ಕಣ್ಣಿಡು. ಆದರೆ ಯಾವ ಪತ್ರಿಕೆಗೇ ಆಗಲಿ, ಕಳಿಸುವ ಮೊದಲು ಅದರ ನಾಲ್ಕು ಸಂಚಿಕೆಯನ್ನಾದರೂ ಓದು. ತಾನು ಓದದ ಪತ್ರಿಕೆಯಲ್ಲಿ ತನ್ನ ಕವನ ಬರಲಿ ಎಂದು ಬಯಸುವುದು ನ್ಯಾಯವಲ್ಲ.

ಕಳಿಸುವುದಕ್ಕೂ ಒಂದು ರೀತಿ ಇದೆ. ಒಮ್ಮೆಗೆ ಒಂದೋ ಎರಡೋ ಕವನ ಸಾಕು. ಯೂನಿಕೋಡಿನಲ್ಲಿ ಟೈಪ್ ಮಾಡು, ಒತ್ತಕ್ಷರ, ದೀರ್ಘ, ಅಕಾರ-ಹಕಾರ ಎಲ್ಲವನ್ನೂ ಎರಡು ಸಲ ನೋಡು. ಪತ್ರ ಮೂರು ಸಾಲಿನದಿರಲಿ: ಕವನದ ಹೆಸರು, ಇದು ನಿನ್ನ ಸ್ವಂತ ರಚನೆ, ಬೇರೆಲ್ಲೂ ಪ್ರಕಟವಾಗಿಲ್ಲ ಎಂಬ ಮಾತು, ವಿಳಾಸ, ಫೋನ್ ನಂಬರು. ನಿನ್ನ ವಯಸ್ಸು ಹೇಳಿ ಕರುಣೆ ಕೇಳಬೇಡ. ಒಂದೇ ಕವನವನ್ನು ಒಟ್ಟಿಗೇ ನಾಲ್ಕು ಕಡೆ ಕಳಿಸಬೇಡ, ಎರಡು ಕಡೆ ಅಚ್ಚಾದರೆ ಸಂಪಾದಕರ ನಂಬಿಕೆ ಹೋಗುತ್ತದೆ. ಬರೆದ ದಿನವೇ ಫೇಸ್‌ಬುಕ್ಕಿಗೆ, ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವ ಆಸೆಯನ್ನೂ ತಡೆದುಕೋ. ಹಾಗೆ ಹಾಕಿದ್ದನ್ನು ಪ್ರಕಟವಾದದ್ದೆಂದೇ ಎಣಿಸುವ ಸ್ಪರ್ಧೆಗಳುಂಟು. ಯಾವ ಕವನ, ಯಾವ ತಾರೀಖು, ಎಲ್ಲಿಗೆ ಎಂದು ಒಂದು ಹಾಳೆಯಲ್ಲಿ ಬರೆದಿಡು.

ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಅದನ್ನು ಅವಮಾನ ಎಂದು ಎದೆಗೆ ಹಚ್ಚಿಕೊಳ್ಳಬೇಡ. ಸಂಪಾದಕರ ಮುಂದೆ ರಾಶಿ ಬಿದ್ದಿರುತ್ತದೆ, ಪುರವಣಿಯಲ್ಲಿ ಜಾಗ ಇರುವುದು ಒಂದೆರಡಕ್ಕೆ. ಎರಡು ಮೂರು ತಿಂಗಳು ಕಾದು, ಒಂದು ಸಾಲು ಬರೆದು ಕೇಳು. ಬೇಡವೆಂದರೆ ಕವನವನ್ನು ಮತ್ತೆ ಓದಿ, ತಿದ್ದಬೇಕೆನಿಸಿದರೆ ತಿದ್ದಿ, ಇನ್ನೊಂದು ಕಡೆಗೆ ಕಳಿಸು. ಈ ಕಾಯುವ ಹೊತ್ತಿನಲ್ಲಿ ಹೊಸದೊಂದನ್ನು ಬರೆ.

ಇನ್ನು ಹಣದ ಮಾತು. ಹಣ ಕಟ್ಟಿಸಿಕೊಂಡು ನೂರು ಜನರ ಕವನ ಒಂದೇ ಪುಸ್ತಕದಲ್ಲಿ ತುರುಕುವವರು, ಶುಲ್ಕ ಪಡೆದು ಶಾಲು ಹೊದಿಸಿ ಪ್ರಶಸ್ತಿಪತ್ರ ಕೊಡುವವರು ನಿನ್ನಂಥ ಮಕ್ಕಳನ್ನೇ ಹುಡುಕುತ್ತಾರೆ. ಅಲ್ಲಿ ಕವನವನ್ನು ಯಾರೂ ಆರಿಸಿರುವುದಿಲ್ಲ, ನಿಮ್ಮಪ್ಪನ ಹಣವನ್ನಷ್ಟೇ ಆರಿಸಿರುತ್ತಾರೆ. ಕವನ ಬರೆದ ಕೂಡಲೇ ಅದರ ಹಕ್ಕು ನಿನ್ನದು. 1957ರ ಹಕ್ಕುಸ್ವಾಮ್ಯ ಕಾಯ್ದೆ ಆ ಹಕ್ಕನ್ನು ಬರೆದವರ ಜೀವಮಾನಕ್ಕೂ ಅವರ ನಂತರ 60 ವರ್ಷಕ್ಕೂ ಕಾಯುತ್ತದೆ, ನೋಂದಣಿ ಕಡ್ಡಾಯವಲ್ಲ. 18 ತುಂಬುವ ತನಕ ನೀನೊಬ್ಬಳೇ ಮಾಡಿದ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಆದ್ದರಿಂದ ಯಾವ ಕಾಗದ ಬಂದರೂ ಅಪ್ಪ ಅವ್ವ ಓದಲಿ. ಮುಂದೆ ನಿಜವಾಗಿ ಒಂದು ಸಂಕಲನಕ್ಕಾಗುವಷ್ಟು ಗಟ್ಟಿ ಕವನ ಕೂಡಿದಾಗ, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆ ಇದೆ. ಅದರ ವಯಸ್ಸಿನ ನಿಯಮ ನೋಡಿಕೊಂಡು ಅರ್ಜಿ ಹಾಕು.

ಬಾಗಿಲು ತೆರೆಯದಿದ್ದರೆ ನೀವೇ ಒಂದು ಬಾಗಿಲು ಮಾಡಬಹುದು. ಇದೇ ಧಾರವಾಡದಲ್ಲಿ 1964ರಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಕೂಡಿ ‘ಸಂಕ್ರಮಣ’ ಶುರು ಮಾಡಿದರು. ಮೂವರೂ 1939ರಲ್ಲಿ ಹುಟ್ಟಿದವರು. ಇಪ್ಪತ್ತೈದರ ಹುಡುಗರು ಕಟ್ಟಿದ ಆ ಪತ್ರಿಕೆಯಲ್ಲಿ ಎಷ್ಟೋ ಹೊಸಬರಿಗೆ ಜಾಗ ಸಿಕ್ಕಿತು. ನಿಮ್ಮ ಕಾಲೇಜಿನ ವರಾಂಡದಲ್ಲಿ ಒಂದು ಗೋಡೆಪತ್ರಿಕೆಗೆ ಪ್ರಾಚಾರ್ಯರ ಅನುಮತಿ ಕೇಳಿರಿ. ತಿಂಗಳಿಗೊಮ್ಮೆ ಬದಲಿಸಿರಿ. ಬೇರೆಯವರ ಕವನ ಆರಿಸಲು ಕೂತಾಗ ಯಾವುದನ್ನು ಯಾಕೆ ಬಿಡಬೇಕು ಎಂಬುದು ತಿಳಿಯುತ್ತದೆ, ಆ ತಿಳಿವು ನಿನ್ನ ಕವನಕ್ಕೇ ಬಂದು ಸೇರುತ್ತದೆ.

ಸಂಕಲನಕ್ಕೆ ಕಟ್ಟಲೆಂದು ಇಟ್ಟುಕೊಂಡ ಹಣವನ್ನು ಅಪ್ಪನಿಗೆ ಮರಳಿ ಕೊಡು. ಅದರಲ್ಲಿ ಸ್ವಲ್ಪ ಇಟ್ಟುಕೊಂಡು ಸುಭಾಷ ರಸ್ತೆಯ ಪುಸ್ತಕದಂಗಡಿಗೆ ಹೋಗಿ ಬೇಂದ್ರೆ, ಕಣವಿ ಇಬ್ಬರದೂ ಒಂದೊಂದು ಸಂಕಲನ ತಾ. ಚಿಗರಿ ಬಸ್ಸಿನ ಕವನವನ್ನು ತಿದ್ದಿ ಬರೆದು, ಬರುವ ಭಾನುವಾರದೊಳಗೆ ಒಂದು ಪತ್ರಿಕೆಗೆ ಕಳಿಸು. ಕಳಿಸಿದ ಮೇಲೆ ನನಗೂ ಒಂದು ಪ್ರತಿ ತೋರಿಸು, ಕೂತು ಓದೋಣ.